ವಾಂತಿ ನಿಲ್ಲಿಸುವ ಡ್ರಿಪ್ ಜೀವಕ್ಕೆ ಅಪಾಯ ತಂದಾಗ

2017ರ ಅಕ್ಟೋಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ರೋಲಾಪಿಟೆಂಟ್ ಔಷಧವನ್ನು ರಕ್ತನಾಳದ ಮೂಲಕ ಕೊಡಲು ಒಪ್ಪಿಗೆ ನೀಡಿತು. ಕ್ಯಾನ್ಸರ್ ಚಿಕಿತ್ಸೆಯ ಬೆನ್ನಿಗೇ ಬರುವ ವಾಂತಿಯನ್ನು ತಡೆಯುವ ಔಷಧವಿದು. ಮೂರು ತಿಂಗಳು ತುಂಬುವ ಮೊದಲೇ, 2018ರ ಜನವರಿಯಲ್ಲಿ, ತಯಾರಕರಾದ ಟೆಸಾರೊ ಕಂಪನಿ ವೈದ್ಯರಿಗೆ ಎಚ್ಚರಿಕೆಯ ಪತ್ರ ಕಳುಹಿಸಬೇಕಾಯಿತು. ಕೆಲವರಿಗೆ ತೀವ್ರ ಅಲರ್ಜಿ, ಅಂದರೆ ಅನಾಫಿಲಾಕ್ಸಿಸ್ ಆಗಿತ್ತು. ಹೆಚ್ಚಿನ ಪ್ರಕರಣಗಳಲ್ಲಿ ಅದು ಡ್ರಿಪ್ ಶುರುವಾದ ಕೆಲವೇ ನಿಮಿಷಗಳಲ್ಲಿ ಕಾಣಿಸಿಕೊಂಡಿತ್ತು.

ಇಂಥ ಔಷಧಗಳ ಅಗತ್ಯ ಸಣ್ಣದಲ್ಲ. 1978ರಲ್ಲಿ ಅನುಮತಿ ಪಡೆದ ಸಿಸ್‌ಪ್ಲಾಟಿನ್ ಹಲವು ಕ್ಯಾನ್ಸರ್‌ಗಳನ್ನು ಮಣಿಸಿತು, ಆದರೆ ರೋಗಿಗಳನ್ನು ವಾಂತಿಯಿಂದ ಹಣ್ಣುಮಾಡಿತು. 1991ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಆಂಡನ್ಸೆಟ್ರಾನ್ ಮೊದಲ ದಿನದ ಸಂಕಟವನ್ನು ಬಹಳಷ್ಟು ತಗ್ಗಿಸಿತು. ಮರುದಿನದಿಂದ ಕಾಡುವ ವಾಂತಿಗೆ ಬೇರೆ ದಾರಿಯೇ ಬೇಕಿತ್ತು. 2003ರ ಅಪ್ರೆಪಿಟೆಂಟ್ ಆ ದಾರಿ ತೆರೆಯಿತು. ರೋಲಾಪಿಟೆಂಟ್ ಕೂಡ ಅದೇ ಗುಂಪಿನದು.

ಆದರೆ ನೀರು ಕುಡಿದರೂ ಕಕ್ಕುವವರು ಮಾತ್ರೆ ನುಂಗುವುದು ಹೇಗೆ? ಚುಚ್ಚುಮದ್ದೇ ಬೇಕು. ತೊಡಕು ಹುಟ್ಟಿದ್ದು ಇಲ್ಲಿಯೇ, ಏಕೆಂದರೆ ಈ ಗುಂಪಿನ ಔಷಧಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. 2008ರ ಫೋಸಾಪ್ರೆಪಿಟೆಂಟ್ ಚುಚ್ಚುಮದ್ದಿನಲ್ಲಿ ಪಾಲಿಸಾರ್ಬೇಟ್ 80 ಎಂಬ ಸಹಾಯಕ ವಸ್ತುವಿತ್ತು. ಅದನ್ನು ಪಡೆದವರಲ್ಲೂ ಅಪರೂಪಕ್ಕೆ ತೀವ್ರ ಅಲರ್ಜಿ ವರದಿಯಾಗಿ, ಅನುಮಾನ ಆ ವಸ್ತುವಿನ ಮೇಲೆ ಬಿತ್ತು. ರೋಲಾಪಿಟೆಂಟ್ ದ್ರಾವಣದಲ್ಲಿ ಸೋಯಾ ಎಣ್ಣೆಯಿತ್ತು. ಆದ್ದರಿಂದಲೇ ಹೊಸ ಎಚ್ಚರಿಕೆಯಲ್ಲಿ ಸೋಯಾ ಮಾತ್ರವಲ್ಲ, ಕಡಲೆಕಾಯಿಯಂಥ ದ್ವಿದಳ ಧಾನ್ಯಗಳ ಅಲರ್ಜಿಯ ಬಗ್ಗೆಯೂ ವಿಚಾರಿಸಬೇಕೆಂದು ಸೂಚಿಸಲಾಯಿತು. 2018ರ ಫೆಬ್ರವರಿಯಲ್ಲಿ ರೋಲಾಪಿಟೆಂಟ್ ಚುಚ್ಚುಮದ್ದಿನ ವಿತರಣೆ ನಿಂತಿತು.

ಪರೀಕ್ಷೆಯಲ್ಲೇ ಇದು ಏಕೆ ಸಿಗಲಿಲ್ಲ ಎಂದು ಕೇಳುವುದು ಸಹಜ. ಸಾವಿರದಲ್ಲಿ ಒಬ್ಬರಿಗೆ ಆಗುವ ತೊಂದರೆಯನ್ನು ಒಮ್ಮೆಯಾದರೂ ಕಾಣುವ ಭರವಸೆ ಬೇಕೆಂದರೆ ಸುಮಾರು 3,000 ಜನರಿಗೆ ಆ ಔಷಧ ಕೊಟ್ಟು ನೋಡಬೇಕು. ಅಷ್ಟು ದೊಡ್ಡ ಪ್ರಯೋಗಗಳು ವಿರಳ. ಹಾಗಾಗಿ ಅನುಮತಿಯ ನಂತರ ವಾರ್ಡಿನಲ್ಲಿ ರೋಗಿಯ ಪಕ್ಕ ನಿಂತ ನರ್ಸ್ ಬರೆಯುವ ನಾಲ್ಕು ಸಾಲು ಬಹಳ ಬೆಲೆಯುಳ್ಳದ್ದು ಎಂದು ನಾನು ನಂಬುತ್ತೇನೆ.

ಗುರುತಿಸುವುದೂ ಸುಲಭವಲ್ಲ. ಅನಾಫಿಲಾಕ್ಸಿಸ್‌ನ ಲಕ್ಷಣಗಳಲ್ಲಿ ವಾಂತಿಯೂ ಒಂದು! ಔಷಧ ಇನ್ನೂ ನಾಟಿಲ್ಲ ಎಂದುಕೊಂಡು ಡ್ರಿಪ್ ಮುಂದುವರಿಸಿದರೆ ಅಮೂಲ್ಯ ನಿಮಿಷಗಳು ಹೋಗುತ್ತವೆ. ಮೈಮೇಲೆ ದದ್ದು, ತುಟಿ ಊತ, ಗಂಟಲು ಬಿಗಿತ, ಉಬ್ಬಸ, ತಲೆಸುತ್ತು ಕಂಡರೆ ಡ್ರಿಪ್ ನಿಲ್ಲಿಸಿ, ತಡಮಾಡದೆ ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ ಕೊಡಬೇಕು. ಇತ್ತ ವಾಂತಿ ತಡೆಯುವ ಇನ್ನೊಂದು ಔಷಧವಾದ ಮೆಟೊಕ್ಲೋಪ್ರಮೈಡ್ ಪಡೆದ ಮಗುವಿನ ಕುತ್ತಿಗೆ ಸೆಟೆದುಕೊಂಡರೆ ಅದು ಅಲರ್ಜಿಯಲ್ಲ, ನರಮಂಡಲದ ಅಡ್ಡಪರಿಣಾಮ. ಅದಕ್ಕೆ ಚಿಕಿತ್ಸೆ ಬೇರೆ.

ನಮ್ಮಲ್ಲಿ ಮಕ್ಕಳ ವಾಂತಿಭೇದಿಯಿಂದ ಹಿಡಿದು ಶಸ್ತ್ರಚಿಕಿತ್ಸೆಯವರೆಗೆ ಬಳಸುವ ಆಂಡನ್ಸೆಟ್ರಾನ್‌ನಿಂದಲೂ ಇಂಥ ಅಲರ್ಜಿ ಬಹಳ ಅಪರೂಪಕ್ಕೆ ಆಗಿದೆ. ಹೆದರಿ ಔಷಧವನ್ನೇ ಬೇಡ ಎನ್ನಬೇಕಾಗಿಲ್ಲ. ಒಮ್ಮೆ ತೊಂದರೆಯಾದರೆ ‘ವಾಂತಿ ಇಂಜೆಕ್ಷನ್ ಒಗ್ಗಲಿಲ್ಲ’ ಎಂದಷ್ಟೇ ನೆನಪಿಟ್ಟುಕೊಂಡರೆ ಸಾಲದು. ಔಷಧದ ಹೆಸರು, ಕೊಟ್ಟ ಬಗೆ, ಎಷ್ಟು ಹೊತ್ತಿಗೆ ಏನಾಯಿತು ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಳ್ಳಬೇಕು. ಭಾರತದಲ್ಲಿ 2010ರಿಂದ ನಡೆಯುತ್ತಿರುವ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮಕ್ಕೆ ವೈದ್ಯರಷ್ಟೇ ಅಲ್ಲ, ರೋಗಿಯ ಮನೆಯವರೂ ವರದಿ ಕೊಡಬಹುದು. ಉಚಿತ ಸಹಾಯವಾಣಿ 1800-180-3024.