1998ರ ಪಾಲುಪಟ್ಟಿಗೆ ರಾಮನಗರ ಜಿಲ್ಲೆ ಹೇಗೆ ಬಂತು?

ಪಾಲುಪಟ್ಟಿಯ ಮೇಲೆ ಇದ್ದ ತಾರೀಖು 1998ರದು. ಹಳೆಯ ಛಾಪಾ ಕಾಗದ, ಹಳದಿಗಟ್ಟಿದ ಅಂಚು, ಐವರು ಸಾಕ್ಷಿಗಳ ರುಜು. ಆ ಐವರಲ್ಲಿ ನಾಲ್ವರು ಈಗ ಬದುಕಿಲ್ಲ; ಅದೂ ಅನುಕೂಲವೇ. ಆದರೆ ಆಸ್ತಿಯ ವಿವರ ಬರೆಯುವ ಷೆಡ್ಯೂಲಿನಲ್ಲಿ, ಚೆಕ್ಕುಬಂದಿಗಿಂತ (ಜಮೀನಿನ ನಾಲ್ಕು ದಿಕ್ಕಿನ ಎಲ್ಲೆಗಳ ವಿವರ) ಒಂದು ಸಾಲು ಮೇಲೆ, ‘ರಾಮನಗರ ಜಿಲ್ಲೆ’ ಎಂದು ದುಂಡಗೆ ಬರೆದಿತ್ತು. ರಾಮನಗರ ಜಿಲ್ಲೆಯಾದದ್ದು 2007ರಲ್ಲಿ. ಅಲ್ಲಿಯವರೆಗೆ ಆ ಊರುಗಳೆಲ್ಲ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದ್ದವು. (ಈಗ ಅದರ ಹೆಸರೂ ಬೆಂಗಳೂರು ದಕ್ಷಿಣ ಎಂದಾಗಿದೆ. ಇನ್ನು ಮುಂದೆ ಹಳೆಯ ತಾರೀಖು ಹಾಕುವವರ ಕಷ್ಟ ಇನ್ನೂ ಹೆಚ್ಚು.)

ಕಾಗದ ತಂದಿದ್ದ ಹಿರಿಯರು ಒಳ್ಳೆಯವರೇ. ಬರುವಾಗ ಚೀಲದಲ್ಲಿ ಅವರೆಕಾಯಿ ತಂದಿದ್ದರು. “ಸ್ವಾಮಿ, ತಂಗಿ ಕೇಸು ಹಾಕಿದ್ದಾಳೆ. 2004ಕ್ಕೆ ಮೊದಲೇ ಪಾಲಾಗಿದ್ದರೆ ಹೆಣ್ಣುಮಕ್ಕಳಿಗೆ ಬರುವುದಿಲ್ಲವಂತಲ್ಲ?” ಎಂದರು.

ಈ ‘ಅಂತಲ್ಲ’ ಎಂಬುದು ನನ್ನ ವಕೀಲಿ ಕಚೇರಿಗೆ ತಿಂಗಳಿಗೆ ಎರಡು ಮೂರು ಸಲವಾದರೂ ಬರುತ್ತದೆ. ಅರ್ಧ ನಿಜವಾದ್ದರಿಂದಲೇ ಅದು ಅಪಾಯಕಾರಿ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಮಗಳು ಮಗನಂತೆಯೇ ಹುಟ್ಟಿನಿಂದ ಸಹದಾಯಾದಿ, ಅಂದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲುದಾರಳು, ಆದಳು. ಕರ್ನಾಟಕ 1994ರಲ್ಲೇ ಇಂಥ ತಿದ್ದುಪಡಿ ತಂದಿತ್ತು. ಆದರೆ ಅದಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದವಿಲ್ಲ. ಆಮೇಲೆ ಎದ್ದದ್ದು ತಂದೆ ಯಾವಾಗ ತೀರಿಕೊಂಡರು ಎಂಬ ಪ್ರಶ್ನೆ. 2015ರ ಫೂಲವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಜೀವಂತವಾಗಿರಬೇಕು ಎಂದಿತು. 2018ರ ದಾನಮ್ಮ ಪ್ರಕರಣದಲ್ಲಿ, 2001ರಲ್ಲೇ ತೀರಿಕೊಂಡವರ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಎರಡೂ ನಮ್ಮ ರಾಜ್ಯದಿಂದಲೇ ಹೋದ ಕೇಸುಗಳು. ಎರಡರ ನಡುವೆ ವಕೀಲರಾದ ನಾವೂ ಕಕ್ಷಿದಾರರಿಗೆ ಏನು ಹೇಳಬೇಕೆಂದು ತಿಳಿಯದೆ ತಡವರಿಸಿದ್ದುಂಟು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗೊಂದಲ ಮುಗಿಸಿತು: ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ.

ತಂದೆಯ ಸಾವಿನ ತಾರೀಖು ಕೈಕೊಟ್ಟ ಮೇಲೆ ಜನ ಹಿಡಿದದ್ದು ಪಾಲಿನ ತಾರೀಖನ್ನು. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ವಿಭಾಗವನ್ನು, ಮಾರಾಟವನ್ನು ತಿದ್ದುಪಡಿ ಮುಟ್ಟುವುದಿಲ್ಲ ಎಂಬುದು ನಿಜ. ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದ ದಿನ ಅದು. ಆದರೆ ಅದೇ ಕಲಮಿನ ಕೆಳಗಿರುವ ವಿವರಣೆಯನ್ನು ಯಾರೂ ಓದುವುದಿಲ್ಲ. ವಿಭಾಗ ಎಂದರೆ ನೋಂದಣಿಯಾದ ವಿಭಾಗ ಪತ್ರ, ಇಲ್ಲವೇ ಕೋರ್ಟಿನ ಡಿಕ್ರಿ ಎಂದು ಅಲ್ಲಿ ಸ್ಪಷ್ಟವಾಗಿದೆ.

ಇದನ್ನು ಎಷ್ಟು ಸಲ ಹೇಳಿದ್ದೇನೋ, ಮತ್ತೊಮ್ಮೆ ಹೇಳುತ್ತೇನೆ. ಅರಳಿಕಟ್ಟೆಯಲ್ಲಿ ಪಂಚಾಯಿತಿದಾರರ ಎದುರು ಬರೆದ ಪಾಲುಪಟ್ಟಿ, ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿಲ್ಲದಿದ್ದರೆ, ಈ ಕಲಮಿನ ವಿಭಾಗವಲ್ಲ. ಅಪ್ಪ ಸತ್ತ ಮೇಲೆ ಪೌತಿ ಖಾತೆ ಮಾಡಿಸಿದ್ದು ವಿಭಾಗವಲ್ಲ. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರಷ್ಟೇ ಇದೆ ಎಂದ ಮಾತ್ರಕ್ಕೆ ತಂಗಿಯ ಹಕ್ಕು ಹೋಗುವುದಿಲ್ಲ. ಪಹಣಿ ಕಂದಾಯದ ದಾಖಲೆ, ಹಕ್ಕುಪತ್ರವಲ್ಲ. ಒಲೆ ಬೇರೆಯಾಗಿದೆ, ಬೋರ್‌ವೆಲ್ ಬೇರೆಯಾಗಿದೆ ಎಂಬುದಷ್ಟರಿಂದ ಸಾಲದು. “ಮದುವೆಗೆ ಅಷ್ಟು ಖರ್ಚು ಮಾಡಿದೆವು” ಎಂಬುದಂತೂ ಅಲ್ಲವೇ ಅಲ್ಲ.

ಇದರಲ್ಲಿ ಪ್ರಾಮಾಣಿಕರಿಗೂ ಪೆಟ್ಟು ಬೀಳುತ್ತದೆ. ನಮ್ಮ ಕಡೆ ಬಾಯಿಮಾತಿನಲ್ಲೇ ಪಾಲಾಗಿ, ಮೂವತ್ತು ವರ್ಷ ತಂಟೆಯಿಲ್ಲದೆ ಉಳುತ್ತಿರುವ ಕುಟುಂಬಗಳು ಎಷ್ಟೋ ಇವೆ. ಅಂಥವರಿಗೆ ವಿನೀತಾ ಶರ್ಮಾ ತೀರ್ಪು ಒಂದು ಸಣ್ಣ ಕಿಂಡಿ ಬಿಟ್ಟಿದೆ. ಬರೀ ಬಾಯಿಸಾಕ್ಷ್ಯ ನಡೆಯುವುದಿಲ್ಲ. ಆದರೆ ಅಪರೂಪದ ಪ್ರಕರಣಗಳಲ್ಲಿ, ಬಾಯಿಮಾತಿನ ವಿಭಾಗವನ್ನು ಸಾರ್ವಜನಿಕ ದಾಖಲೆಗಳು ಬಲವಾಗಿ ಸಮರ್ಥಿಸಿದರೆ ಒಪ್ಪಬಹುದು. ಆ ಕಾಲದ ಮ್ಯುಟೇಶನ್ ವಹಿ (ಖಾತೆ ಬದಲಾವಣೆಯ ದಾಖಲೆ), ಬೇರೆ ಬೇರೆಯಾಗಿ ಕಟ್ಟಿದ ಕಂದಾಯದ ರಸೀದಿ, ಸೊಸೈಟಿಯಲ್ಲಿ ಪ್ರತ್ಯೇಕವಾಗಿ ಎತ್ತಿದ ಸಾಲದ ಕಾಗದ, ಇಂಥವು ನಿಮ್ಮಲ್ಲಿದ್ದರೆ ಹುಡುಕಿ ತನ್ನಿ. ಅವುಗಳಿಂದ ಗೆದ್ದೇ ಗೆಲ್ಲುತ್ತೀರಿ ಎಂದು ಹೇಳಲಾರೆ. ಕಾಗದ ನೋಡದೆ ಹಾಗೆ ಹೇಳುವ ವಕೀಲರನ್ನು ನಂಬಲೂಬೇಡಿ.

ಒಂದು ವೇಳೆ 2005ರ ತಿದ್ದುಪಡಿ ನಿಮಗೆ ಅನ್ವಯಿಸುವುದಿಲ್ಲ ಎಂದೇ ಇಟ್ಟುಕೊಳ್ಳಿ. ಆಗಲೂ, ಮರಣಪತ್ರ ಬರೆಯದೆ ತೀರಿಕೊಂಡ ತಂದೆಯ ಸ್ವಂತ ಭಾಗದಲ್ಲಿ ಮಗಳು 1956ರಿಂದಲೇ ಮೊದಲ ವರ್ಗದ ವಾರಸುದಾರಳು. ಎಪ್ಪತ್ತು ವರ್ಷ ಹಳೆಯ ಈ ಕಾನೂನನ್ನು ಇಂದಿಗೂ ಹೊಸ ಸುದ್ದಿಯಂತೆ ಕೇಳುವವರಿದ್ದಾರೆ.

ಹಿರಿಯರ ವಿಷಯಕ್ಕೆ ಬರುತ್ತೇನೆ. ಆ ಪಾಲುಪಟ್ಟಿಯನ್ನು ಕೋರ್ಟಿಗೆ ಹಾಕಿದರೆ ಜಮೀನಿನ ಜೊತೆಗೆ ನೆಮ್ಮದಿಯೂ ಹೋಗುತ್ತದೆ, ಸುಳ್ಳು ದಾಖಲೆ ಸೃಷ್ಟಿಸಿದ್ದಕ್ಕೆ ಕ್ರಿಮಿನಲ್ ಕೇಸು ಬೇರೆ ಎಂದೆ. ಮನೆಯಲ್ಲಿರುವ ನಿಜವಾದ ಹಳೆಯ ಕಾಗದ ತನ್ನಿ ಎಂದು ಕಳಿಸಿದೆ. ಮುಂದಿನ ವಾರ ಒಂದು ತಗಡಿನ ಪೆಟ್ಟಿಗೆಯೇ ಬಂತು. 2003ರವರೆಗಿನ ಕಂದಾಯ ರಸೀದಿಗಳೆಲ್ಲ ಒಂದೇ ಖಾತೆಯವು, ತೀರಿಕೊಂಡ ತಂದೆಯ ಹೆಸರಿನವು. ಪಾಲೇ ಆಗಿರಲಿಲ್ಲ.

ರಾಜಿಗೆ ತಂಗಿಯನ್ನು ಕರೆಸಿದೆವು. ಆಕೆ ಅಣ್ಣನ ಮುಖ ನೋಡದೆ ನನಗೇ ಹೇಳಿದರು: “ಕೇಳಿದ್ದರೆ ಬಿಟ್ಟುಕೊಡುತ್ತಿದ್ದೆ ಸಾರ್. ನನಗೆ ತಿಳಿಸದೆ ಪೌತಿ ಖಾತೆ ಮಾಡಿಸಿಕೊಂಡರು.” ಕೊನೆಗೆ ಊರಿನ ಪಕ್ಕದ ಇಪ್ಪತ್ತು ಗುಂಟೆ ಆಕೆಗೆ ಎಂದು ರಾಜಿಯಾಗಿ, ಕೋರ್ಟಿನಲ್ಲೇ ಡಿಕ್ರಿಯಾಯಿತು.

ಹೊರಡುವಾಗ ಹಿರಿಯರನ್ನು ಕೇಳಿದೆ, ಆ ಹಳೆಯ ಛಾಪಾ ಕಾಗದಕ್ಕೆ ಎಷ್ಟು ಕೊಟ್ಟಿರಿ ಎಂದು. ಹೇಳಲಿಲ್ಲ. ಖಾಲಿ ಚೀಲ ಮಡಿಸಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದರು.