ನೀರಿಗಿಳಿಯುವ ಮೊದಲೇ ಹಡಗು ಬಿಟ್ಟ ಇಂಗಾಲ

ಹಡಗಿನಿಂದ ಹವಾಮಾನಕ್ಕೆ ಎಷ್ಟು ಹಾನಿ ಎಂದು ಕೇಳಿದರೆ ಎಲ್ಲರೂ ನೋಡುವುದು ಅದರ ಹೊಗೆಕೊಳವೆಯನ್ನೇ. ಅದು ಸರಿಯೇ. ಮನುಷ್ಯರು ಹೊರಬಿಡುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ 3ರಷ್ಟು ಹಡಗುಗಳಿಂದಲೇ ಬರುತ್ತದೆ. ಆದರೆ ಹಡಗು ಇನ್ನೂ ಅದನ್ನು ಕಟ್ಟುವ ಯಾರ್ಡಿನಲ್ಲಿ ಇರುವಾಗಲೇ ಅದರ ಹೆಸರಿನಲ್ಲಿ ಸಾವಿರಾರು ಟನ್ ಇಂಗಾಲದ ಡೈಆಕ್ಸೈಡ್ ಗಾಳಿ ಸೇರಿಬಿಟ್ಟಿರುತ್ತದೆ. ಅದಕ್ಕೆ ಮುಖ್ಯ ಕಾರಣ ಉಕ್ಕು.

ಒಂದು ಅಂದಾಜು ಮಾಡಿ ನೋಡೋಣ. ಒಂದು ಸರಕು ಹಡಗಿಗೆ 10,000 ಟನ್ ಉಕ್ಕು ಬೇಕು ಎಂದುಕೊಳ್ಳಿ. ಕಲ್ಲಿದ್ದಲು ಬಳಸಿ ಅದಿರಿನಿಂದ ಕಬ್ಬಿಣ ತೆಗೆಯುವ ಊದುಕುಲುಮೆಯಲ್ಲಿ (ಬ್ಲಾಸ್ಟ್ ಫರ್ನೇಸ್) ತಯಾರಾದ ಉಕ್ಕಿಗೆ ಟನ್ನಿಗೆ ಸುಮಾರು 2.3 ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಟ್ಟು 23,000 ಟನ್ ಆಯಿತು. ಇದೇ ಹಡಗು ವರ್ಷಕ್ಕೆ 250 ದಿನ, ದಿನಕ್ಕೆ 30 ಟನ್ ಎಣ್ಣೆ ಸುಟ್ಟು ಓಡಲಿ. ಒಂದು ಟನ್ ಎಣ್ಣೆಯಿಂದ 3.1 ಟನ್ ಇಂಗಾಲದ ಡೈಆಕ್ಸೈಡ್. ಅಲ್ಲಿಗೆ ವರ್ಷಕ್ಕೆ 23,000 ಟನ್ ಚಿಲ್ಲರೆ, 25 ವರ್ಷಕ್ಕೆ 5,80,000 ಟನ್. ಇದರ ಮುಂದೆ ಉಕ್ಕಿನ ಪಾಲು ಶೇ 4 ಮಾತ್ರ.

ಹಾಗಾದರೆ ಉಕ್ಕಿನ ಬಗ್ಗೆ ಯಾಕೆ ತಲೆ ಕೆಡಿಸಿಕೊಳ್ಳಬೇಕು? ಇಂಧನ ಬದಲಾಗುತ್ತಿದೆ, ಅದಕ್ಕೆ. 2050ರ ಆಸುಪಾಸಿಗೆ ಹಡಗು ಸಾಗಣೆ ನಿವ್ವಳ ಶೂನ್ಯ ತಲುಪಬೇಕು, ಅಂದರೆ ಹೊರಬಿಡುವಷ್ಟನ್ನು ಹೀರಿಕೊಂಡು ಲೆಕ್ಕ ಸೊನ್ನೆಯಾಗಬೇಕು ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ 2023ರಲ್ಲಿ ಗುರಿ ಇಟ್ಟುಕೊಂಡಿತು. ನಮ್ಮ ಹಡಗಿನ ಇಂಧನದ ಹೊರಸೂಸುವಿಕೆ ಶೇ 90ರಷ್ಟು ಇಳಿಯಿತು ಎನ್ನಿ. ಆಗ ಅದೇ 23,000 ಟನ್ ಒಟ್ಟು ಲೆಕ್ಕದ ಕಾಲು ಭಾಗಕ್ಕಿಂತ ಜಾಸ್ತಿಯಾಗುತ್ತದೆ. ಇನ್ನೊಂದು ವಿಷಯ. ಇಂಧನದ ಹೊಗೆ 25 ವರ್ಷ ಸ್ವಲ್ಪ ಸ್ವಲ್ಪವಾಗಿ ಬರುತ್ತದೆ, ನಡುವೆ ಅದನ್ನು ತಗ್ಗಿಸಲು ಅವಕಾಶವಿದೆ. ಉಕ್ಕಿನದು ಮೊದಲೇ ಹೊರಬಿದ್ದಾಗಿದೆ. ಅದನ್ನು ತಿದ್ದಲು ಆಗುವುದಿಲ್ಲ.

ಉಕ್ಕಿನಿಂದ ಇಷ್ಟು ಇಂಗಾಲ ಬರುವುದು ಬರೀ ಬೆಂಕಿಯಿಂದಲ್ಲ. ಅದಿರಿನಲ್ಲಿ ಕಬ್ಬಿಣ ಆಕ್ಸಿಜನ್ ಜೊತೆ ಸೇರಿಕೊಂಡಿರುತ್ತದೆ. ಕಲ್ಲಿದ್ದಲಿನಿಂದ ಮಾಡಿದ ಕೋಕ್ ಆ ಆಕ್ಸಿಜನ್ನನ್ನು ಕಿತ್ತುಕೊಂಡು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಇದೇ ಕೆಲಸವನ್ನು ಹೈಡ್ರೋಜನ್‌ಗೆ ವಹಿಸಿದರೆ ಹೊರಬರುವುದು ನೀರಿನ ಆವಿ. ಸ್ವೀಡನ್ನಿನ ಲುಲಿಯೊದಲ್ಲಿ ಹೈಬ್ರಿಟ್ ಯೋಜನೆಯ ಪ್ರಾಯೋಗಿಕ ಘಟಕ 2020ರಲ್ಲಿ ಶುರುವಾದದ್ದು ಈ ದಾರಿಯಲ್ಲೇ.

ಆದರೆ ನೀರನ್ನು ಒಡೆದು ಹೈಡ್ರೋಜನ್ ತೆಗೆದು, ಅದರಿಂದ ಒಂದು ಟನ್ ಉಕ್ಕು ಮಾಡುವಷ್ಟರಲ್ಲಿ ಸುಮಾರು 3,500 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಆ ವಿದ್ಯುತ್ ಕಲ್ಲಿದ್ದಲಿನಿಂದ ಬಂದರೆ ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕೆಜಿ ಇಂಗಾಲದ ಡೈಆಕ್ಸೈಡ್. ಅಂದರೆ ಟನ್ ಉಕ್ಕಿಗೆ ಮೂರು ಟನ್ನಿಗೂ ಮೇಲೆ, ಊದುಕುಲುಮೆಗಿಂತಲೂ ಕೆಟ್ಟದು! ಲುಲಿಯೊ ಇರುವ ಉತ್ತರ ಸ್ವೀಡನ್ನಿನಲ್ಲಿ ಜಲವಿದ್ಯುತ್ ಧಾರಾಳವಾಗಿದೆ, ಅಲ್ಲಿ ಲೆಕ್ಕ ಸರಿಹೋಗುತ್ತದೆ. ಹಾಗಾಗಿ ಉಕ್ಕನ್ನು ಯಾವ ವಿಧಾನದಲ್ಲಿ ಮಾಡಿದರು ಎಂದು ಕೇಳಿದರೆ ಸಾಲದು, ವಿದ್ಯುತ್ ಎಲ್ಲಿಂದ ಬಂತು ಎಂದೂ ಕೇಳಬೇಕು.

ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುವುದು ಇನ್ನೊಂದು ದಾರಿ. ಇದರಲ್ಲಿ ಟನ್ನಿಗೆ ಸುಮಾರು 0.7 ಟನ್ ಮಾತ್ರ. ಕಷ್ಟ ಇರುವುದು ಲೆಕ್ಕ ಬರೆಯುವುದರಲ್ಲಿ. ಹಡಗು ಒಡೆದಾಗ ಅದರ ಉಕ್ಕು ಮತ್ತೆ ಬಳಕೆಗೆ ಬರುತ್ತದೆ. ಗುಜರಿಯಿಂದ ಕಟ್ಟಿದ್ದೇವೆ ಎಂದು ಶುರುವಿನಲ್ಲೇ ಉಳಿತಾಯ ಬರೆದುಕೊಂಡು, ಕೊನೆಗೆ ಗುಜರಿ ಕೊಟ್ಟೆವು ಎಂದು ಇನ್ನೊಮ್ಮೆ ಬರೆದುಕೊಂಡರೆ ಒಂದೇ ಉಳಿತಾಯ ಎರಡು ಸಲ ಬಂದಂತೆ, ಅಲ್ವಾ? ಒಂದು ವಸ್ತು ಹುಟ್ಟಿನಿಂದ ಕೊನೆಯವರೆಗೆ ಪರಿಸರಕ್ಕೆ ಮಾಡುವ ಹಾನಿಯ ಲೆಕ್ಕಕ್ಕೆ ಜೀವನಚಕ್ರ ವಿಶ್ಲೇಷಣೆ ಎನ್ನುತ್ತಾರೆ. ಅದಕ್ಕೆ ಐಎಸ್ಒ 14040 ಮತ್ತು 14044 ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ. ಲೆಕ್ಕದ ಗಡಿ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಸ್ಪಷ್ಟವಾಗಿ ಹೇಳಲೇಬೇಕು ಎನ್ನುತ್ತವೆ ಅವು. ಗಡಿ ಹೇಳದೆ ಸುಮ್ನೆ ಶೇಕಡಾವಾರು ಕೊಡುವ ಜಾಹೀರಾತನ್ನು ನಾನು ನಂಬುವುದಿಲ್ಲ.

ಯಾರ್ಡಿನ ಒಳಗಿನ ವಿಷಯವೂ ಇದೆ. ತಗಡು ಕತ್ತರಿಸುವಾಗ ತುಂಡುಗಳು ಉಳಿಯುತ್ತವೆ. ಹಾಗಾಗಿ ಲೆಕ್ಕಕ್ಕೆ ಹಿಡಿಯಬೇಕಾದ್ದು ಕೊಂಡ ಉಕ್ಕನ್ನು, ಹಡಗಿನಲ್ಲಿ ಉಳಿದದ್ದನ್ನಷ್ಟೇ ಅಲ್ಲ. ಗಟ್ಟಿ ಜಾತಿಯ ಉಕ್ಕು ಬಳಸಿದರೆ ತಗಡು ತೆಳುವಾಗಿ ತೂಕ ಇಳಿಯುತ್ತದೆ. ಆದರೆ ತೆಳು ತಗಡಿಗೆ ತುಕ್ಕು ಬೇಗ ಅಪಾಯ ತರುತ್ತದೆ. ರಿಪೇರಿಗೆ ಹೊಸ ತಗಡು ಬೇಕಾದರೆ ಅದನ್ನೂ ಸೇರಿಸಬೇಕು.

ತಯಾರಿಕೆಯಲ್ಲಿ ಕಡಿಮೆ ಇಂಗಾಲ ಬಿಡುವ ಉಕ್ಕಿನಿಂದ ನಮ್ಮ ಹಡಗಿನ 23,000 ಟನ್ 5,000ಕ್ಕೆ ಇಳಿದರೆ ಉಳಿತಾಯವಾಗುವುದು 18,000 ಟನ್, ಅಂದರೆ ಈಗಿನ ಇಂಧನದಲ್ಲಿ ಒಂಬತ್ತು ತಿಂಗಳ ಓಡಾಟ. ವೇಗವನ್ನು ಶೇ 10 ಇಳಿಸಿದರೂ 25 ವರ್ಷದಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಉಳಿಸಬಹುದು. ಒಂದಿದೆ ಎಂದು ಇನ್ನೊಂದನ್ನು ಬಿಡಬಾರದು. ಎರಡೂ ಬೇಕು.

ಅಳತೆ ನಿಖರವಾಗಲು ಒಂದು ಸುಲಭದ ದಾರಿ ಆಗಲೇ ಇದೆ. ಹಡಗಿಗೆ ಬಳಸುವ ತಗಡಿನ ಜೊತೆ ಕಾರ್ಖಾನೆಯ ಪ್ರಮಾಣಪತ್ರ ಬರುತ್ತದೆ. ಯಾವ ಸಲದ ಕರಗಿಸುವಿಕೆಯಿಂದ ಬಂದದ್ದು, ಅದರಲ್ಲಿ ಏನೇನು ಬೆರೆತಿದೆ, ಎಷ್ಟು ಬಲ ತಡೆಯುತ್ತದೆ ಎಂದು ಅದರಲ್ಲಿರುತ್ತದೆ. ಆ ಕಾಗದದ ಮೇಲೆಯೇ ಇಂಗಾಲದ ಅಂಕಿಯನ್ನೂ, ಅದರ ಲೆಕ್ಕದ ಗಡಿಯನ್ನೂ ಬರೆಯಲಿ ಎಂಬುದು ನನ್ನ ಆಸೆ. ಬೇರೆಲ್ಲೋ ಆದ ಉಳಿತಾಯವನ್ನು ಕಾಗದದಲ್ಲಿ ಈ ತಗಡಿಗೆ ಹಚ್ಚಿದ್ದರೆ ಅದೂ ಅಲ್ಲೇ ಕಾಣಲಿ. ಆಗ ಹಡಗು ಕೊಳ್ಳುವವರು ಎರಡು ಯಾರ್ಡುಗಳ ಉಕ್ಕನ್ನು ಪಕ್ಕಪಕ್ಕ ಇಟ್ಟು ಹೋಲಿಸಬಹುದು.