ಊರಲ್ಲಿ ನಿಲ್ಲೋದು ಯಾರು? ಪಂಚಾಯಿತಿ ಉಮೇದುವಾರಿಕೆಯ ಹಿಂದಿನ ಕಥೆ

ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗೆ ನಿಲ್ಲಲು ಕಾನೂನು ಕೇಳುವುದು ಬಹಳ ಕಡಿಮೆ. ವಯಸ್ಸು 21 ತುಂಬಿರಬೇಕು, ಅದೇ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಠೇವಣಿ 200 ರೂಪಾಯಿ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ 100. ಹರಿಯಾಣದಲ್ಲಿರುವಂತೆ ಇಷ್ಟು ಕ್ಲಾಸು ಓದಿರಲೇಬೇಕೆಂಬ ಷರತ್ತು ಇಲ್ಲಿಲ್ಲ. ಆದರೂ ಚುನಾವಣೆ ಬಂತೆಂದರೆ ಹೋಟೆಲ್ ಕಟ್ಟೆಯ ಮೇಲೆ ಮೊದಲು ಕೇಳಿಬರುವ ಮಾತು ಯಾರು ಗೆಲ್ತಾರೆ ಅನ್ನುವುದಲ್ಲ, "ನಮ್ ಕ್ಷೇತ್ರಕ್ಕೆ ಈ ಸಲ ಯಾವ ಕೆಟಗರಿ ಬಂದಿದೆ?" ಅನ್ನುವುದು, ಅಂದರೆ ಸ್ಥಾನ ಯಾವ ವರ್ಗಕ್ಕೆ ಮೀಸಲು ಎಂಬುದು. ಕಳೆದ ಅರವತ್ತು ವರ್ಷಗಳಲ್ಲಿ ಹಳ್ಳಿಯ ಅಧಿಕಾರದ ಜಗಳವೆಲ್ಲ ನಡೆದದ್ದು ಹೆಚ್ಚಾಗಿ ಇದರ ಸುತ್ತಲೇ. ಮತ ಹಾಕುವವರು ಯಾರು ಎಂಬುದಕ್ಕಿಂತ ನಿಲ್ಲುವವರು ಯಾರು, ಅದನ್ನು ತೀರ್ಮಾನಿಸುವವರು ಯಾರು ಎಂಬುದು ಇಲ್ಲಿ ದೊಡ್ಡ ಪ್ರಶ್ನೆ.

ಹಳೇ ಮೈಸೂರಿನಲ್ಲಿ ಪಟೇಲಿಕೆ, ಶಾನುಭೋಗಿಕೆ ಮನೆತನದ ಸ್ವತ್ತು. ಸಂಸ್ಥಾನದ ಕಾಲದಲ್ಲೇ, 1926ರಲ್ಲಿ, ಗ್ರಾಮ ಪಂಚಾಯಿತಿಗೊಂದು ಕಾಯ್ದೆ ಬಂದಿತ್ತು ನಿಜ. ಆದರೆ ಕಂದಾಯ, ಪಹಣಿ, ಪೊಲೀಸರ ಮುಂದಿನ ಸಾಕ್ಷಿ ಎಲ್ಲವೂ ಪಟೇಲರ ಜಗಲಿಯಲ್ಲೇ ಇದ್ದಾಗ ಪಂಚಾಯಿತಿಗೆ ಉಳಿಯುತ್ತಿದ್ದದ್ದು ಬೀದಿದೀಪ, ಬಾವಿಕಟ್ಟೆ. 1956ರಲ್ಲಿ ರಾಜ್ಯ ಒಂದಾದ ಮೇಲೆ ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಭಾಗಕ್ಕೊಂದು ಇದ್ದ ಕಾನೂನುಗಳ ಜಾಗದಲ್ಲಿ 1959ರ ಕಾಯ್ದೆ ಬಂತು. 1961ರ ಇನ್ನೊಂದು ಕಾಯ್ದೆ ವಂಶಪಾರಂಪರ್ಯ ಗ್ರಾಮಾಧಿಕಾರವನ್ನು ರದ್ದು ಮಾಡಿತು. 1963ರಿಂದ ಅದು ಜಾರಿಯಾಯಿತು. ಕಾಗದದಲ್ಲಿ ಪಟೇಲರು ಹೋದರು. ಅನೇಕ ಊರುಗಳಲ್ಲಿ ಅದೇ ಮನೆಯವರು ಪಂಚಾಯಿತಿ ಚೇರ್ಮನ್ನರಾಗಿ ಬಂದರು. ಅವರ ಎದುರು ನಿಲ್ಲಲು ಇನ್ನೊಬ್ಬರಿಗೆ ಧೈರ್ಯ ಬೇಕಿತ್ತು, ಜಮೀನೂ ಬೇಕಿತ್ತು. ಚುನಾವಣೆಗಳಾದರೂ ಹೊತ್ತಿಗೆ ಸರಿಯಾಗಿ ನಡೆಯುತ್ತಿರಲಿಲ್ಲ. ಸರ್ಕಾರಕ್ಕೆ ಮನಸ್ಸು ಬಂದಾಗ ನಡೆಯುತ್ತಿದ್ದವು. ದೇವರಾಜ ಅರಸು ಕಾಲದ 1978ರ ಚುನಾವಣೆ 1959ರ ಕಾಯ್ದೆಯ ಕೊನೆಯ ದೊಡ್ಡ ಸುತ್ತು.

ಈ ಕಟ್ಟನ್ನು ನಿಜವಾಗಿ ಸಡಿಲಿಸಿದ್ದು ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಮಂತ್ರಿ. ಬರಗಾಲದಲ್ಲಿ ಊರೂರಿಗೆ ಬೋರ್‌ವೆಲ್ ಕೊರೆಸಿ 'ನೀರ್‌ಸಾಬ್' ಎನಿಸಿಕೊಂಡವರು. ಅವರು ತಂದ 1983ರ ಮಸೂದೆಗೆ ರಾಷ್ಟ್ರಪತಿಯ ಅಂಕಿತ ಬೀಳಲು ಎರಡು ವರ್ಷ ಹಿಡಿಯಿತು, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಎಂಟರಿಂದ ಹನ್ನೆರಡು ಸಾವಿರ ಜನಕ್ಕೊಂದು ಮಂಡಲ ಪಂಚಾಯಿತಿ, ಜಿಲ್ಲೆಗೊಂದು ಜಿಲ್ಲಾ ಪರಿಷತ್ತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೆಳಗೆ ಕೆಲಸ ಮಾಡುವ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ಕಲೆಕ್ಟರ್ ಸಾಹೇಬರೆಂದರೆ ದೇವರು ಎಂದುಕೊಂಡಿದ್ದ ಊರಿನವರಿಗೆ ಇದು ಸಣ್ಣ ಸಂಗತಿಯಲ್ಲ.

ಉಮೇದುವಾರರ ಲೆಕ್ಕದಲ್ಲಿ ನೋಡಿದರೆ ಆ ಕಾಯ್ದೆಯ ಎರಡು ಅಂಶ ಮುಖ್ಯ. ಹದಿನೆಂಟು ತುಂಬಿದವರಿಗೆ ಮತ ಕೊಟ್ಟದ್ದು ಒಂದು. ಲೋಕಸಭೆ, ವಿಧಾನಸಭೆಗೆ ಆ ಹಕ್ಕು ಸಿಕ್ಕಿದ್ದು 1989ರಲ್ಲಿ. ಇನ್ನೊಂದು, ನೂರಕ್ಕೆ 25 ಸ್ಥಾನ ಮಹಿಳೆಯರಿಗೆ. ದೇಶದ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿಗಿಂತ ಐದಾರು ವರ್ಷ ಮೊದಲೇ ಸುಮಾರು 14 ಸಾವಿರ ಹೆಂಗಸರು ಈ ರಾಜ್ಯದ ಪಂಚಾಯಿತಿಗಳಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಹಿಳಾ ಮೀಸಲಾತಿ ದೆಹಲಿಯಿಂದ ಇಳಿದು ಬಂತು ಎಂದು ಹೇಳುವವರು ಈ ಇಸವಿಗಳನ್ನು ಒಮ್ಮೆ ನೋಡಬೇಕು.

ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. 1992ರಲ್ಲಿ ಅವಧಿ ಮುಗಿದಾಗ ಮತ್ತೆ ಚುನಾವಣೆ ನಡೆಸುವ ಬದಲು ಸರ್ಕಾರ ಆಡಳಿತಾಧಿಕಾರಿಗಳನ್ನು ಕೂರಿಸಿತು. ಮರುವರ್ಷ, 73ನೇ ತಿದ್ದುಪಡಿಗೆ ಹೊಂದಿಸಿ, ಇಂದಿಗೂ ಬಳಕೆಯಲ್ಲಿರುವ 1993ರ ಕಾಯ್ದೆ ಬಂತು. ಡಿಸೆಂಬರ್‌ನಲ್ಲೇ ಗ್ರಾಮ ಪಂಚಾಯಿತಿ ಚುನಾವಣೆಯೂ ಆಯಿತು. ಸರಿಸುಮಾರು 400 ಜನಕ್ಕೊಬ್ಬ ಮೆಂಬರು. ಪರಿಶಿಷ್ಟರಿಗೆ ಜನಸಂಖ್ಯೆಯ ಅನುಪಾತದಲ್ಲಿ, ಹಿಂದುಳಿದ ವರ್ಗಕ್ಕೆ ಮೂರನೇ ಒಂದು ಭಾಗ, ಪ್ರತಿ ವರ್ಗದೊಳಗೂ ಮಹಿಳೆಯರಿಗೆ ಪಾಲು. ಮೂರನೇ ಒಂದರಿಂದ ಶುರುವಾದ ಮಹಿಳೆಯರ ಪಾಲು 2015ರ ಚುನಾವಣೆಯ ಹೊತ್ತಿಗೆ ಅರ್ಧಕ್ಕೆ ಏರಿತ್ತು.

ಹೊರಗಿನವರಿಗೆ ಗೊತ್ತಿಲ್ಲದ ಒಂದು ಒಳಸುಳಿ ಇಲ್ಲಿದೆ. ನಮ್ಮ ಪಂಚಾಯಿತಿ ಕ್ಷೇತ್ರಗಳಲ್ಲಿ ಬಹಳಷ್ಟು ಒಬ್ಬನೇ ಸದಸ್ಯನವಲ್ಲ. 2020ರಲ್ಲಿ ಸುಮಾರು 36 ಸಾವಿರ ಕ್ಷೇತ್ರಗಳಿಗೆ 92 ಸಾವಿರದಷ್ಟು ಸ್ಥಾನಗಳಿದ್ದವು. ಅಂದರೆ ಒಂದೇ ಕ್ಷೇತ್ರದಲ್ಲಿ ಒಂದು ಸಾಮಾನ್ಯ, ಒಂದು ಹಿಂದುಳಿದ ವರ್ಗ 'ಅ', ಒಂದು ಪರಿಶಿಷ್ಟ ಜಾತಿ ಮಹಿಳೆ. ಮತದಾರನಿಗೂ ಸ್ಥಾನವಿದ್ದಷ್ಟು ಮತ. ಹಾಗಾಗಿ ಪರಿಶಿಷ್ಟ ಮಹಿಳೆಯ ಸ್ಥಾನಕ್ಕೆ ಯಾರು ಗೆಲ್ಲಬೇಕೆಂದು ನಿರ್ಧರಿಸುವುದು ಅವಳ ಕೇರಿಯ ನೂರೈವತ್ತು ಮತವಲ್ಲ, ಊರಿನ ದೊಡ್ಡ ಜಾತಿಯ ಐನೂರು ಮತ. ತಮ್ಮ ತೋಟಕ್ಕೆ ಕೂಲಿಗೆ ಬರುವವಳು, ಎದುರಾಡದವಳು ಎಂದು ಯಜಮಾನರು ಆರಿಸಿದ ಹೆಸರು ಗೆಲ್ಲುತ್ತದೆ. ಸಂಘಟನೆಯಲ್ಲಿ ಓಡಾಡಿದ, ಬಾಯಿರುವ ಹೆಣ್ಣುಮಗಳು ಸೋಲುತ್ತಾಳೆ. ಎಲ್ಲ ಕಡೆ ಹೀಗೇ ಆಗುತ್ತದೆ ಎನ್ನಲಾರೆ. ಆದರೆ ಮೀಸಲಾತಿ ಇದ್ದೂ ಯಾಕೆ ಕೆಲವು ಊರುಗಳಲ್ಲಿ ಏನೂ ಬದಲಾಗಲಿಲ್ಲ ಎಂದು ಕೇಳುವವರು ಮೊದಲು ಈ ಮತಪತ್ರವನ್ನು ನೋಡಲಿ. ಹೆಂಡತಿಯ ಹೆಸರಲ್ಲಿ ತಾನೇ ಅಧಿಕಾರ ನಡೆಸುವ 'ಅಧ್ಯಕ್ಷರ ಗಂಡ' ಎಂಬ ಹುದ್ದೆಯ ಬಗ್ಗೆ ಎಲ್ಲರೂ ನಗುತ್ತಾರೆ. ಈ ಮತಪತ್ರದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಅಂದಹಾಗೆ ಆ ಗಂಡಂದಿರ ಕಾಟಕ್ಕೆ ಕಾನೂನೂ ತನ್ನ ಕೈಲಾದಷ್ಟು ಕುಮ್ಮಕ್ಕು ಕೊಟ್ಟಿದೆ. ಅಧ್ಯಕ್ಷ ಸ್ಥಾನದ ಮೀಸಲಾತಿ ತಿರುಗುತ್ತಲೇ ಇರುತ್ತದೆ. ಅವಧಿ ಒಮ್ಮೆ 30 ತಿಂಗಳು, 2015ರಲ್ಲಿ ಗೆದ್ದವರಿಗೆ ಐದು ವರ್ಷ, ಆಮೇಲೆ ಮತ್ತೆ 30 ತಿಂಗಳು. ಕೆಲಸ ಕಲಿತು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದ ಟಿಪ್ಪಣಿಯನ್ನು ಓದಿ ಪ್ರಶ್ನೆ ಕೇಳುವ ಹೊತ್ತಿಗೆ ಹೆಣ್ಣುಮಗಳು ಕುರ್ಚಿ ಬಿಡಬೇಕು. ಮುಂದಿನ ಸಲ ಅದೇ ಕ್ಷೇತ್ರ ಅವಳ ಕೆಟಗರಿಗೆ ಬರುತ್ತದೆಂಬ ಖಾತ್ರಿಯೂ ಇಲ್ಲ.

ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ. ಆಟೋರಿಕ್ಷಾ, ಹೊಲಿಗೆ ಯಂತ್ರದಂಥ ಮುಕ್ತ ಚಿಹ್ನೆಗಳು ಮಾತ್ರ. ರಾಜಕೀಯ ಊರೊಳಗೆ ಬರಬಾರದೆಂಬುದು ಆಶಯ. ಬಂದೇ ಬಂದಿದೆ. ಫಲಿತಾಂಶದ ದಿನ ಸಂಜೆಯೊಳಗೆ ಮೂರೂ ಪಕ್ಷಗಳು 'ನಮ್ಮ ಬೆಂಬಲಿತರು ಇಷ್ಟು' ಎಂದು ಲೆಕ್ಕ ಕೊಡುತ್ತವೆ, ಮೂರನ್ನೂ ಕೂಡಿಸಿದರೆ ಒಟ್ಟು ಸ್ಥಾನಗಳನ್ನು ಮೀರಿದರೂ ಆಶ್ಚರ್ಯವಿಲ್ಲ. ಪಕ್ಷಗಳಿಗೆ ಇಷ್ಟು ಆಸಕ್ತಿ ಯಾಕೆಂದರೆ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ಆರಿಸುವುದು ಸ್ಥಳೀಯ ಸಂಸ್ಥೆಗಳ ಸದಸ್ಯರು, ಅವರಲ್ಲಿ ದೊಡ್ಡ ಪಾಲು ಗ್ರಾಮ ಪಂಚಾಯಿತಿಯವರದ್ದು. ಚರಂಡಿ ಬಿಲ್ಲಿಗಾಗಿ ವರ್ಷವಿಡೀ ತಾಲ್ಲೂಕು ಕಚೇರಿ ಅಲೆಯುವ ಮೆಂಬರಿಗೆ ಆ ಹದಿನೈದು ದಿನ ಎಲ್ಲಿಲ್ಲದ ಮರ್ಯಾದೆ.

ಸ್ಥಾನ ಹರಾಜಾಗುವುದೂ ಇದೇ ಬೆಲೆಯಿಂದ. 2020ರ ಡಿಸೆಂಬರ್‌ನಲ್ಲಿ ಕಲಬುರಗಿ, ಬಳ್ಳಾರಿ, ಮಂಡ್ಯ ಕಡೆಯಿಂದ ಹರಾಜಿನ ಸುದ್ದಿಗಳು ಬಂದವು. ಕ್ರಮ ಕೈಗೊಳ್ಳುವುದಾಗಿ ರಾಜ್ಯ ಚುನಾವಣಾ ಆಯೋಗ ಎಚ್ಚರಿಸಿತು. ದೇವಸ್ಥಾನದ ಕಟ್ಟೆಯಲ್ಲಿ ಹಿರಿಯರು ಸೇರಿ ಕೂಗುತ್ತಾರೆ, ಹೆಚ್ಚು ಕೂಗಿದವರು 'ಅವಿರೋಧ'. ಹಣ ಗುಡಿಯ ಜೀರ್ಣೋದ್ಧಾರಕ್ಕೆ, ಜಗಳ ತಪ್ಪಿತಲ್ಲ ಎಂಬ ಸಮಾಧಾನ ಬೇರೆ. ಆ ಸಲ ರಾಜ್ಯದಲ್ಲಿ ಎಂಟು ಸಾವಿರದಷ್ಟು ಮಂದಿ ಅವಿರೋಧವಾಗಿ ಗೆದ್ದರು. ಎಲ್ಲವೂ ಹರಾಜಲ್ಲ, ಆ ಕೆಟಗರಿಯವರು ಊರಲ್ಲಿ ಒಬ್ಬರೇ ಇರುವುದೂ ಉಂಟು, ನಿಜವಾಗಿ ಒಮ್ಮತ ಆಗುವುದೂ ಉಂಟು. ಆದರೆ ಹರಾಜಿನ ಕಟ್ಟೆಯಲ್ಲಿ 200 ರೂಪಾಯಿ ಠೇವಣಿಗೆ ಅರ್ಥವೇ ಉಳಿಯುವುದಿಲ್ಲ.

ಪಂಚಾಯಿತಿ ಮೆಂಬರಾಗಿ ಪಳಗಿದವರು ತಾಲ್ಲೂಕಿಗೋ ಜಿಲ್ಲೆಗೋ ಏರಬೇಕಷ್ಟೆ. ಅಲ್ಲಿ ಬೇರೆಯದೇ ಕಥೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಮತದಾನ 2016ರ ಫೆಬ್ರವರಿಯಲ್ಲಿ ಆಯಿತು, ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಿಸುವ ಅಧಿಕಾರವನ್ನು ಸರ್ಕಾರ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟಿತು. ಅತ್ತ ಹಿಂದುಳಿದ ವರ್ಗಗಳ ಮೀಸಲಿಗೆ ಈಗಿನ ಅಂಕಿಅಂಶದ ಆಧಾರ ಬೇಕು, ಪರಿಶಿಷ್ಟರು, ಹಿಂದುಳಿದವರು ಸೇರಿ ಒಟ್ಟು ಮೀಸಲು ಶೇ 50 ಮೀರಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲೇ, ಕೃಷ್ಣಮೂರ್ತಿ ಪ್ರಕರಣದಲ್ಲಿ. ಅಲ್ಲಿ ಪ್ರಶ್ನೆಗೆ ಒಳಗಾದ ಕಾಯ್ದೆಗಳಲ್ಲಿ ನಮ್ಮ 1993ರ ಕಾಯ್ದೆಯೂ ಒಂದು. ಅಂಕಿಅಂಶ ಹೊಂದಿಸಲು ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ 2022ರಲ್ಲಿ ಕೆಲಸ ಮಾಡಿತು. ವಿಂಗಡಣೆ, ಪಟ್ಟಿ, ಆಕ್ಷೇಪಣೆ, ಹೈಕೋರ್ಟು ಎಂದು 2025 ಮುಗಿದರೂ ಮತಪೆಟ್ಟಿಗೆ ಹೊರಬರಲಿಲ್ಲ. ಸರ್ಕಾರ ಬದಲಾಯಿತು, ಕಾರಣಗಳೂ ಬದಲಾದವು. ಅಷ್ಟೂ ಕಾಲ ಜಿಲ್ಲಾ ಪಂಚಾಯಿತಿ ನಡೆಸಿದವರು ಅಧಿಕಾರಿಗಳು, ಅನುದಾನ ಯಾವ ಊರಿಗೆ ಎಂದು ಹೇಳಿದವರು ಶಾಸಕರು. ಚುನಾವಣೆ ಬೇಗ ಆಗಲಿ ಎಂದು ಅವರಲ್ಲಿ ಎಷ್ಟು ಮಂದಿ ಗಟ್ಟಿಯಾಗಿ ಕೇಳಿದ್ದಾರೆಂದು ಸದನದ ಕಡತಗಳಲ್ಲಿ ಹುಡುಕಬಹುದು.